ಎಳೆಯರ ಚಿತ್ರಪುಸ್ತಕಗಳು: ನಮ್ಮ ಪುಸ್ತಕಭಂಡಾರಕ್ಕೆ ಕೆಲವು ಸಲಹೆಗಳು

ಮಗುವಿಗೆ ಅಕ್ಷರ ಕಲಿಸುವವರು ಯಾರೆಂದು ಕೇಳಿದರೆ, ಉಪಾಧ್ಯಾಯರೆಂದು ಎಲ್ಲರೂ ಉತ್ತರ ಕೊಡುವರು. ಈ ಉತ್ತರ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಕಲಿಸುವುದು ಊರು. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಬೆಳೆಯುವ ಮಗು ಶಾಲೆಯ ಬಾಗಿಲನ್ನು ತುಳಿಯುವ ಮುನ್ನವೇ ಅಂಗಡಿಗಳ ಫಲಕದಲ್ಲಿ, ಬಸ್ಸಿನ ನೆತ್ತಿಯ ಮೇಲೆ, ಗೋಡೆಯ ಜಾಹೀರಾತಿನಲ್ಲಿ, ಹಾಲಿನ ಪೊಟ್ಟಣದಲ್ಲಿ ಕನ್ನಡದ ಅಕ್ಷರಗಳನ್ನು ಸಾವಿರ ಸಲ ಕಂಡಿರುತ್ತದೆ. ಹೆಸರು ತಿಳಿಯದಿದ್ದರೂ ಮುಖಪರಿಚಯ ಆಗಿರುತ್ತದೆ. ಉಪಾಧ್ಯಾಯರು ಆ ಪರಿಚಿತ ಮುಖಗಳಿಗೆ ಹೆಸರನ್ನು ಹೇಳಿಕೊಟ್ಟರೆ ಸಾಕು.

ಚೆನ್ನೈ ನಗರದ ಕನ್ನಡ ಮಗುವಿಗೆ ಈ ಅನುಕೂಲವಿಲ್ಲ. ಮನೆಯಲ್ಲಿ ಅದು ಕನ್ನಡವನ್ನು ಕೇಳುತ್ತದೆ, ಕನ್ನಡವನ್ನು ಆಡುತ್ತದೆ. ಹೊಸಿಲು ದಾಟಿತೆಂದರೆ ಕಣ್ಣಿಗೆ ಬೀಳುವುದು ತಮಿಳು ಮತ್ತು ಇಂಗ್ಲಿಷ್. ಮಾಂಬಲದ ರೈಲು ನಿಲ್ದಾಣದಲ್ಲಿ ಹಿಂದಿಯೂ ಉಂಟು. ಕನ್ನಡದ ಅಕ್ಷರವನ್ನು ಅದು ಮೊದಲ ಬಾರಿಗೆ ಕಾಣುವುದು ಬಹುಮಟ್ಟಿಗೆ ಒಂದನೆಯ ತರಗತಿಯ ಕಪ್ಪುಹಲಗೆಯ ಮೇಲೆ. ಶಾಲೆ ಬಿಟ್ಟೊಡನೆ ಆ ಅಕ್ಷರ ಮತ್ತೆ ಮರೆಯಾಗುತ್ತದೆ. ಆದುದರಿಂದ ಈ ಊರು ತೋರಿಸದ ಅಕ್ಷರವನ್ನು ಪುಸ್ತಕವೇ ತೋರಿಸಬೇಕಾಗಿದೆ. ಓದಲು ಬಾರದ ಮಗುವೂ ಕೈಗೆತ್ತಿಕೊಳ್ಳುವ ಪುಸ್ತಕವೆಂದರೆ ಚಿತ್ರಪುಸ್ತಕವೊಂದೇ. ಬೇರೆ ಊರುಗಳಲ್ಲಿ ಅದು ಹಬ್ಬದ ಸಿಹಿಯಾಗಿರಬಹುದು. ನಮ್ಮ ಶಾಲೆಗೆ ಅದು ದಿನದ ಅನ್ನ. ಈ ಅಭಿಪ್ರಾಯದಿಂದ ನಮ್ಮ ಶಾಲೆಯ ಪುಸ್ತಕಭಂಡಾರಕ್ಕೆ ಯಾವ ಬಗೆಯ ಚಿತ್ರಪುಸ್ತಕಗಳನ್ನು ತರಿಸಬೇಕು, ತಂದವನ್ನು ಹೇಗೆ ಬಳಸಬೇಕು ಎಂಬುದನ್ನು ತಾಯ್ತಂದೆಗಳ ಹಾಗೂ ಸಹೋದ್ಯೋಗಿಗಳ ಮುಂದೆ ಇಡಲು ಬಯಸುತ್ತೇವೆ.

1. ಚಿತ್ರಪುಸ್ತಕವೆಂದರೇನು?

ಚಿತ್ರವಿರುವ ಪುಸ್ತಕವೆಲ್ಲವೂ ಚಿತ್ರಪುಸ್ತಕವಲ್ಲ. ಪಾಠಪುಸ್ತಕದಲ್ಲಿಯೂ ಚಿತ್ರಗಳಿವೆ. ಅಲ್ಲಿ ಚಿತ್ರ ಮಾತಿನ ಹಿಂದೆ ನಡೆಯುವ ಸೇವಕನಂತೆ. ಮಾತು ಹಸುವೆಂದರೆ ಚಿತ್ರವೂ ಹಸುವನ್ನೇ ತೋರಿಸುವುದು. ಚಿತ್ರಪುಸ್ತಕದಲ್ಲಿ ಮಾತೂ ಚಿತ್ರವೂ ಜೋಡೆತ್ತುಗಳು. ಕಥೆಯ ಬಂಡಿಯನ್ನು ಎರಡೂ ಕೂಡಿ ಎಳೆಯುವುವು. ಒಂದನ್ನು ಬಿಚ್ಚಿದರೆ ಬಂಡಿ ನಿಲ್ಲುವುದು.

ಮಕ್ಕಳಿಗಾಗಿಯೇ ಅಚ್ಚಾದ ಮೊದಲ ಸಚಿತ್ರ ಪಠ್ಯಗಳಲ್ಲಿ ಪ್ರಸಿದ್ಧವಾದುದು ಕೊಮೇನಿಯಸ್ ಎಂಬ ಶಿಕ್ಷಣವೇತ್ತನ ಕೃತಿ. ಅದು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಪ್ರಕಟವಾಯಿತು. ಮರದ ಅಚ್ಚಿನಿಂದ ಮುದ್ರಿಸಿದ ಚಿತ್ರ; ಅದರೊಳಗಿನ ವಸ್ತುಗಳಿಗೆ ಸಂಖ್ಯೆ; ಅದರ ವಿವರಣೆ ಲ್ಯಾಟಿನ್ ಮತ್ತು ಜರ್ಮನ್ ಎರಡು ಭಾಷೆಗಳಲ್ಲಿ. ಎರಡು ಭಾಷೆಗಳ ನಡುವೆ ಚಿತ್ರವನ್ನು ಸೇತುವೆಯಾಗಿ ಕಟ್ಟಿದ ಈ ಉಪಾಯ ಮೂರೂವರೆ ಶತಮಾನಗಳಾದರೂ ಹಳತಾಗಿಲ್ಲವೆಂಬುದನ್ನು ನಮ್ಮಂತಹ ಶಾಲೆಯವರು ವಿಶೇಷವಾಗಿ ಗಮನಿಸಬೇಕು.

ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ 1902ರಲ್ಲಿ ಒಂದು ಮೊಲದ ಮರಿಯ ಕಥೆಯನ್ನು ಹೊರತಂದಳು. ಎಳೆಯ ಕೈಗೆ ಹಿಡಿಯಲು ಅನುಕೂಲವಾಗುವಂತೆ ಪುಸ್ತಕ ಚಿಕ್ಕದಾಗಿಯೇ ಇರಬೇಕೆಂಬುದು ಆಕೆಯ ಹಟವಾಗಿತ್ತು. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಹಸಿದ ಕಂಬಳಿಹುಳುವಿನ ಪುಸ್ತಕವನ್ನು ರಚಿಸಿದಾಗ, ಹುಳು ಕೊರೆದ ತೂತುಗಳನ್ನು ಪುಟಗಳಲ್ಲಿಯೇ ಕೊರೆಯಿಸಿದನು. ಮಗು ಕಣ್ಣಿನಿಂದ ಓದುವಂತೆ ಬೆರಳಿನಿಂದಲೂ ಓದುತ್ತದೆ ಎಂಬುದನ್ನು ಇವರಿಬ್ಬರೂ ಅರಿತಿದ್ದರು.

2. ಕನ್ನಡದಲ್ಲಿ ನಡೆದು ಬಂದ ದಾರಿ

ಮಕ್ಕಳ ಕನ್ನಡಕ್ಕೂ ಈ ಮದರಾಸಿಗೂ ಹಳೆಯ ನಂಟಿದೆ. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತು. ಆ ಜಿಲ್ಲೆಯವರಾದ ಪಂಜೆ ಮಂಗೇಶರಾಯರು (1874–1937) ಶಾಲಾ ಇಲಾಖೆಯಲ್ಲಿ ದುಡಿಯುತ್ತಲೇ ಎಳೆಯರಿಗಾಗಿ ಪದ್ಯಗಳನ್ನೂ ಕಥೆಗಳನ್ನೂ ಬರೆದರು. ಅವರ ಇಲಿಗಳ ಕಥೆಯನ್ನೂ ಹಾವಿನ ಹಾಡನ್ನೂ ಅರಿಯದ ಕನ್ನಡ ಮನೆಗಳು ಹಿಂದೆ ವಿರಳವಾಗಿದ್ದುವು. ಜಿ. ಪಿ. ರಾಜರತ್ನಂ ಅವರ ಶಿಶುಪದ್ಯಗಳು, ಕುವೆಂಪು ಅವರ ಕಿಂದರಿಜೋಗಿ, ಶಿವರಾಮ ಕಾರಂತರು 1930ರ ದಶಕದಲ್ಲಿ ಸಂಪುಟ ಸಂಪುಟವಾಗಿ ಹೊರತಂದ ‘ಬಾಲಪ್ರಪಂಚ’ ಇವು ಮಕ್ಕಳ ಸಾಹಿತ್ಯಕ್ಕೆ ಗಟ್ಟಿಯಾದ ಅಡಿಪಾಯವನ್ನು ಹಾಕಿದುವು.

ಚಿತ್ರದ ಕಡೆಗೆ ನೋಡಿದರೆ ‘ಚಂದಮಾಮ’ವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಇವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡದಲ್ಲಿಯೂ ಬರತೊಡಗಿತು. ಅದು ಸಿದ್ಧವಾಗುತ್ತಿದ್ದುದು ನಮ್ಮ ಶಾಲೆಯ ಮಕ್ಕಳು ದಿನವೂ ಹೆಸರು ಕೇಳುವ ವಡಪಳನಿಯಲ್ಲಿ. ಅದರ ಹೊದಿಕೆಗಳಿಗೆ ಮಹಾಭಾರತದ ಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ಕರ್ನಾಟಕದವರು. ಶಿವಮೊಗ್ಗೆಯ ಹಳ್ಳಿಯಲ್ಲಿ ಕುಳಿತ ಬಾಲಕನು ಬಿಡಿಸುತ್ತಿದ್ದ ಕನ್ನಡದ ಪುಟಗಳು ಈ ನಗರದಿಂದ ಹೋಗುತ್ತಿದ್ದುವೆಂಬುದು ನಮಗೆ ಅಭಿಮಾನದ ಸಂಗತಿ. ಆ ಪತ್ರಿಕೆ ಈಗ ನಿಂತುಹೋಗಿದೆ.

ಆದರೆ ಎಳೆಯ ಮಕ್ಕಳ ಚಿತ್ರಪುಸ್ತಕದ ಕಸುಬು ಈ ನಗರದಿಂದ ಅಳಿಯಲಿಲ್ಲ. 1994ರಲ್ಲಿ ತಾರಾ ಬುಕ್ಸ್, 1996ರಲ್ಲಿ ತೂಲಿಕಾ, ಅದೇ ವರ್ಷ ಕರಡಿ ಟೇಲ್ಸ್ ಎಂಬ ಪ್ರಕಾಶನ ಸಂಸ್ಥೆಗಳು ಚೆನ್ನೈಯಲ್ಲಿಯೇ ಹುಟ್ಟಿದುವು. ಇವುಗಳಲ್ಲಿ ತೂಲಿಕಾ ಸಂಸ್ಥೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಬೆಂಗಳೂರಿನಲ್ಲಿ 2004ರಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್, ಹೊಸದಿಲ್ಲಿಯಲ್ಲಿ 1957ರಿಂದ ಕೆಲಸ ಮಾಡುತ್ತಿರುವ ನ್ಯಾಷನಲ್ ಬುಕ್ ಟ್ರಸ್ಟ್ ಇವೂ ಕನ್ನಡದಲ್ಲಿ ಚಿತ್ರಪುಸ್ತಕಗಳನ್ನು ಕೊಡುತ್ತಿವೆ. ನಮ್ಮ ಹುಡುಗರಿಗೆ ಪುಸ್ತಕವಿಲ್ಲವೆಂಬ ಮಾತು ಆದುದರಿಂದ ಸರಿಯಲ್ಲ. ಪುಸ್ತಕಗಳಿವೆ, ಅವು ನಮ್ಮ ಕಪಾಟಿಗೆ ಬರಬೇಕಾಗಿದೆ.

3. ನಮ್ಮ ಮಕ್ಕಳ ವಿಶೇಷ ತೊಡಕು

ಈ ರಾಜ್ಯದಲ್ಲಿ 2006ರ ಕಾಯಿದೆಯ ಮೇರೆಗೆ ಒಂದನೆಯ ತರಗತಿಯಿಂದಲೇ ತಮಿಳು ಕಲಿಕೆ ಬಂದಿದೆ. ನಾಡಿನ ಭಾಷೆಯನ್ನು ಕಲಿಯುವುದು ಅಗತ್ಯವೂ ಹೌದು, ಲಾಭವೂ ಹೌದು. ಅದರ ವಿಷಯದಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಐದಾರು ವರ್ಷದ ಮಗು ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಲಿಪಿಗಳನ್ನು ಏಕಕಾಲಕ್ಕೆ ಹೊತ್ತು ನಡೆಯುವುದೆಂಬುದನ್ನು ಹಿರಿಯರು ಮರೆಯಬಾರದು. ಕನ್ನಡವೂ ತಮಿಳೂ ಅಕ್ಕತಂಗಿಯರು. ಅಕ್ಕತಂಗಿಯರ ಮುಖ ಒಂದನ್ನೊಂದು ಹೋಲುವುದರಿಂದಲೇ ಮಗು ತಬ್ಬಿಬ್ಬಾಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಕನ್ನಡದಲ್ಲಿ ಇಲಿಯೆಂದರೆ ಬಿಲದಲ್ಲಿರುವ ಪ್ರಾಣಿ, ಎಲೆಯೆಂದರೆ ಮರದಲ್ಲಿರುವುದು. ತಮಿಳಿನಲ್ಲಿ ‘ಎಲಿ’ ಎಂದರೆ ಪ್ರಾಣಿ. ‘ಇಲೈ’ ಎಂದರೆ ಮರದ್ದು. ಇಕಾರ ಎಕಾರಗಳು ಅದಲುಬದಲಾಗಿವೆ. “ಎಲೆಯ ಮೇಲೆ ಇಲಿ ಕುಳಿತಿತು” ಎಂದು ಹಲಗೆಯ ಮೇಲೆ ಬರೆದರೆ, ಮರದ ಎಲೆ ಇಲಿಯ ಬೆನ್ನೇರಿತೆಂದು ತಿಳಿಯುವ ಹುಡುಗರು ನಮ್ಮಲ್ಲಿ ಉಂಟು. ನಾವು ಹತ್ತು ಸಲ ವಿವರಿಸಿದರೂ ನಿಲ್ಲದ ಈ ಗೊಂದಲ ಒಂದು ಚಿತ್ರ ಕಂಡೊಡನೆ ನಿಲ್ಲುತ್ತದೆ.

ಎರಡನೆಯದು ಹಕಾರದ ಮಾತು. ತಮಿಳಿನ ಪಾಲು, ಪಲ್ಲು, ಪುಲಿ, ಪೂ ಇವು ಕನ್ನಡದಲ್ಲಿ ಹಾಲು, ಹಲ್ಲು, ಹುಲಿ, ಹೂ ಆಗಿವೆ. ಮನೆಯಲ್ಲಿ ‘ಹಾಲು’ ಎಂದು ಕೇಳುವ ಮಗು ಬೀದಿಯಲ್ಲಿ ‘ಪಾಲು’ ಎಂದು ಕೇಳುತ್ತದೆ. ಕನ್ನಡದಲ್ಲಿ ಪಾಲೆಂಬುದಕ್ಕೆ ಹಂಚಿಕೆಯೆಂಬ ಬೇರೆ ಅರ್ಥವೇ ಇದೆ. ಮೂರನೆಯದು, ತಮಿಳಿನಲ್ಲಿ ಕ ಗ ಎರಡಕ್ಕೂ ಒಂದೇ ಅಕ್ಷರ, ಪ ಬ ಎರಡಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಹಾಗಲ್ಲ. ಹುಲಿಯ ಮೈಮೇಲೆ ಇರುವುದು ಪಟ್ಟೆ, ಹಗ್ಗದ ಮೇಲೆ ಒಣಗುವುದು ಬಟ್ಟೆ. ಈ ಭೇದವನ್ನು ವ್ಯಾಕರಣದ ಸೂತ್ರದಿಂದ ಎಳೆಯರಿಗೆ ತಿಳಿಸುವುದು ಸಾಧ್ಯವಿಲ್ಲ. ಪಟ್ಟೆಯ ಹುಲಿಯನ್ನೂ ಹಗ್ಗದ ಬಟ್ಟೆಯನ್ನೂ ಒಂದೇ ಪುಟದಲ್ಲಿ ಕಂಡ ಮಗುವಿಗೆ ಸೂತ್ರದ ಅಗತ್ಯವೇ ಇಲ್ಲ.

4. ಆಯ್ಕೆಯ ಲಕ್ಷಣಗಳು

ಅಂಗಡಿಯಲ್ಲಿ ಬಣ್ಣ ಬಣ್ಣವಾಗಿ ಕಾಣುವುದೆಲ್ಲ ಒಳ್ಳೆಯ ಪುಸ್ತಕವಲ್ಲ. ಕೊಳ್ಳುವ ಮುನ್ನ ಈ ಕೆಳಗಿನ ಐದು ಅಂಶಗಳನ್ನು ಪರೀಕ್ಷಿಸಬೇಕೆಂದು ನಮಗೆ ತೋರುತ್ತದೆ.

ಮೊದಲನೆಯದಾಗಿ, ಚಿತ್ರದ ಪರೀಕ್ಷೆ. ಮಾತುಗಳನ್ನು ಕೈಯಿಂದ ಮುಚ್ಚಿ ಪುಟಗಳನ್ನು ತಿರುವಬೇಕು. ಕಥೆ ಸುಮಾರಾಗಿ ತಿಳಿದರೆ, ತಿಳಿಯದ ಕಡೆ ಏನಾಯಿತೆಂಬ ಕುತೂಹಲ ಹುಟ್ಟಿದರೆ, ಆ ಚಿತ್ರಗಳು ಉತ್ತಮವಾದುವು.

ಎರಡನೆಯದಾಗಿ, ಭಾಷೆಯ ಪರೀಕ್ಷೆ. ಈಗ ಬರುತ್ತಿರುವ ಕನ್ನಡ ಚಿತ್ರಪುಸ್ತಕಗಳಲ್ಲಿ ಅನೇಕವು ಅನುವಾದಗಳು. ಅನುವಾದವೆಂಬುದು ದೋಷವಲ್ಲ. ಆದರೆ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ ನೋಡಬೇಕು. “ಬೆಕ್ಕು ನಾಯಿಯಿಂದ ಅಟ್ಟಲ್ಪಟ್ಟಿತು” ಎಂದಿದ್ದರೆ ಅಂತಹ ಪುಸ್ತಕವನ್ನು ಅಲ್ಲಿಯೇ ಬಿಡುವುದು ಲೇಸು. ಯಾವ ಕನ್ನಡ ಅಜ್ಜಿಯೂ ಹಾಗೆ ಕಥೆ ಹೇಳಲಾರಳು. “ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತು” ಎಂದಿದ್ದರೆ ತರಬಹುದು. ಈ ಊರಿನ ಮಗುವಿಗೆ ಒಳ್ಳೆಯ ಕನ್ನಡ ಕಿವಿಗೆ ಬೀಳುವ ಸಂದರ್ಭಗಳು ಕಡಮೆಯಾದುದರಿಂದ ಇಲ್ಲಿ ರಿಯಾಯಿತಿ ಕೊಡಲಾಗದು.

ಮೂರನೆಯದಾಗಿ, ಅಕ್ಷರದ ಪರೀಕ್ಷೆ. ಒತ್ತಕ್ಷರಗಳು ಎಳೆಯರಿಗೆ ಕಷ್ಟ. ಮೊದಲ ಹಂತದ ಪುಸ್ತಕದಲ್ಲಿ ಅವು ವಿರಳವಾಗಿರಬೇಕು. ಇದ್ದರೂ ಅಮ್ಮ, ಅಪ್ಪ, ಬೆಕ್ಕು, ಅಕ್ಕಿ ಎಂಬಂತೆ ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳಾಗಿರಬೇಕು. ಅಕ್ಷರದ ಗಾತ್ರ ದೊಡ್ಡದಾಗಿರಬೇಕು. ಕಡುಬಣ್ಣದ ಚಿತ್ರದ ಮೇಲೆಯೇ ಸಾಲುಗಳನ್ನು ಅಚ್ಚು ಹಾಕಿರಬಾರದು.

ನಾಲ್ಕನೆಯದಾಗಿ, ಮತ್ತೆ ಮತ್ತೆ ಬರುವ ಸಾಲು. ಒಂದೇ ಪಲ್ಲವಿ ಪುಟದಿಂದ ಪುಟಕ್ಕೆ ಮರಳಿ ಬಂದರೆ, ಓದಲು ಬಾರದ ಮಗುವೂ ಮೂರನೆಯ ಪುಟದ ವೇಳೆಗೆ ಅದನ್ನು ಓದತೊಡಗುತ್ತದೆ. ಮೊದಲು ಅದು ಬಾಯಿಪಾಠವೇ. ಬೆರಳು ಸಾಲಿನ ಮೇಲೆ ಹರಿದಂತೆ ಬಾಯಿಪಾಠ ಓದಾಗುತ್ತದೆ.

ಐದನೆಯದಾಗಿ, ನೀತಿಯ ಭಾರ. ಕೊನೆಯ ಪುಟದಲ್ಲಿ ನೀತಿಯನ್ನು ಬರೆದು ಮೊಳೆ ಹೊಡೆದ ಪುಸ್ತಕಗಳನ್ನು ಕಡಮೆ ಮಾಡಬೇಕು. ಒಳ್ಳೆಯ ಕಥೆಯಲ್ಲಿ ನೀತಿ ಹಾಲಿನೊಳಗಿನ ಬೆಣ್ಣೆಯಂತೆ ಇರುವುದು. ಕಡೆಯುವ ಕೆಲಸವನ್ನು ಮಗುವಿಗೆ ಬಿಟ್ಟುಕೊಡಬೇಕು.

5. ತರಿಸತಕ್ಕ ಕೆಲವು ಪುಸ್ತಕಗಳು

ಕಳೆದ ಮೂರು ದಶಕಗಳ ಈಚೆಗೆ ಬಂದ ಪುಸ್ತಕಗಳೇ ಇವುಗಳಲ್ಲಿ ಹೆಚ್ಚು. ಭಾಷೆಯಿಂದ ಭಾಷೆಗೆ ಹೆಸರುಗಳು ಬದಲಾಗುವುದುಂಟಾದುದರಿಂದ, ಕೇಳಿ ತರಿಸಲು ಅನುಕೂಲವಾಗಲೆಂದು ಕರ್ತೃವಿನ ಹೆಸರನ್ನೂ ಕಥೆಯ ತಿರುಳನ್ನೂ ಕೊಟ್ಟಿದ್ದೇವೆ.

ಪ್ರಿಯಾ ಕುರಿಯನ್ ಅವರು ಚಿತ್ರಿಸಿ ತೂಲಿಕಾ 2017ರಲ್ಲಿ ಹೊರತಂದ ಅಮ್ಮಚ್ಚಿಯ ಕನ್ನಡಕದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇವೆ. ಅದರ ಕಥೆಯಲ್ಲಿ ಮಾತೇ ಇಲ್ಲ. ಬೆಳಗೆದ್ದ ಅಜ್ಜಿಗೆ ಕನ್ನಡಕ ಸಿಕ್ಕದು. ಅದಿಲ್ಲದೆಯೇ ಆಕೆ ದಿನದ ಕೆಲಸಕ್ಕೆ ತೊಡಗುವಳು. ಮುಂದೆ ಆಗುವ ಅವಾಂತರವೆಲ್ಲ ಚಿತ್ರದಲ್ಲಿಯೇ ಇದೆ. ಮಾತಿಲ್ಲದ ಪುಸ್ತಕ ಯಾವ ಭಾಷೆಯದು? ಹೇಳುವವರ ಭಾಷೆಯದು. ಮಗು ಕನ್ನಡದಲ್ಲಿ ಹೇಳಿದರೆ ಅದು ಕನ್ನಡ ಪುಸ್ತಕವೇ ಆಗುತ್ತದೆ.

ಮಂಜುಳಾ ಪದ್ಮನಾಭನ್ ಅವರ ಬೆಕ್ಕಿನ ಪುಸ್ತಕದಲ್ಲಿ ಮಿನ್ನಿ ಎಂಬ ಬಾಲಿಕೆ ತನ್ನ ಪೂನಿ ಎಂಬ ಬೆಕ್ಕನ್ನು ಹುಡುಕುತ್ತ ಹೋಗುವಳು. ಮಿನ್ನಿಯೊಡನೆ ಓದುಗರೂ ಹುಡುಕಬೇಕು. ಎಲ್ಲಿ, ಮೇಲೆ, ಕೆಳಗೆ, ಹಿಂದೆ, ಒಳಗೆ ಎಂಬ ಪದಗಳನ್ನು ಆಟವಾಡುತ್ತ ಕಲಿಸಲು ಇದಕ್ಕಿಂತ ಒಳ್ಳೆಯ ಉಪಕರಣ ಬೇಡ.

ಚೆನ್ನೈಯವರೇ ಆದ ಅಶೋಕ್ ರಾಜಗೋಪಾಲನ್ ಅವರ ‘ಗಜಪತಿ ಕುಲಪತಿ’ ನೆಗಡಿ ಹಿಡಿದ ಆನೆಯ ಕಥೆ. ಆನೆಯ ಸೀನು ಎಂತಹುದೆಂಬುದನ್ನು ಓದುವವರು ಬಾಯಿಂದಲೇ ಮಾಡಿ ತೋರಿಸಬೇಕು. ಇಂತಹ ಪುಸ್ತಕವನ್ನು ಮೆಲ್ಲನೆ ಓದಿದರೆ ಪ್ರಯೋಜನವಿಲ್ಲ. ತರಗತಿ ಗದ್ದಲವಾದರೆ ಪಕ್ಕದ ಕೋಣೆಯವರು ದಯವಿಟ್ಟು ಕ್ಷಮಿಸಬೇಕು.

ನ್ಯಾಷನಲ್ ಬುಕ್ ಟ್ರಸ್ಟಿನವರ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಮಿಕ್ಕಿ ಪಟೇಲ್ ಅವರು ಬರೆದು ಚಿತ್ರಿಸಿದ ರೂಪಾ ಎಂಬ ಆನೆಯ ಪುಸ್ತಕವಿದೆ. ಇದು ಹಳೆಯದಾದರೂ ಬಣ್ಣಗಳ ಹೆಸರನ್ನು ಕಲಿಸಲು ಈಗಲೂ ಯೋಗ್ಯವಾಗಿದೆ.

ಪ್ರಥಮ್ ಬುಕ್ಸ್‌ನ ಪುಸ್ತಕಗಳಲ್ಲಿ ‘ನೋನಿ’ ಎಂಬ ಹೆಸರಿನಿಂದ ರೋಹಿಣಿ ನಿಲೇಕಣಿಯವರು ಬರೆದ ಶೃಂಗೇರಿ ಶ್ರೀನಿವಾಸನ ಕಥೆ ನಮ್ಮ ಮಕ್ಕಳಿಗೆ ಬಲು ಮೆಚ್ಚಿಕೆಯಾದೀತು. ವರ್ಷಕ್ಕೊಮ್ಮೆ ಮಾತ್ರ ಕೂದಲು ಕತ್ತರಿಸಿಕೊಳ್ಳುವ ಶ್ರೀನಿವಾಸನಿಗೆ ಆ ದಿನ ನೆರವಾಗಲು ಊರಿನಲ್ಲಿ ಯಾರಿಗೂ ಬಿಡುವಿಲ್ಲ. ಒಬ್ಬೊಬ್ಬರನ್ನಾಗಿ ಕೇಳುತ್ತ ಹೋಗುವನು. ಕೊನೆಗೆ ಯಾರು ಕತ್ತರಿ ಹಿಡಿದರೆಂಬುದನ್ನು ಇಲ್ಲಿ ಹೇಳಿ ಹುಡುಗರ ಸಂತೋಷವನ್ನು ಕೆಡಿಸಲು ನಾವು ಸಿದ್ಧರಿಲ್ಲ. ಅದೇ ಪ್ರಕಾಶನದಲ್ಲಿ ಶ್ರೀದಳಾ ಸ್ವಾಮಿಯವರು ಬರೆದ, ಕೋಲಂ ಬಿಡಿಸುವುದರಲ್ಲಿ ಆಸಕ್ತಳಾದ ಸುಶೀಲೆಯ ಕಥೆಯೂ ಉಂಟು. ನಮ್ಮ ಮಕ್ಕಳ ಮನೆಯಲ್ಲಿ ಅದು ರಂಗೋಲಿ, ನೆರೆಮನೆಯಲ್ಲಿ ಅದೇ ಕೋಲಂ. ಪ್ರತಿ ಮುಂಜಾನೆ ಕಾಣುವ ವಸ್ತುವೇ ಪುಸ್ತಕದೊಳಗೆ ಬಂದಾಗ ಮಗುವಿಗೆ ಪುಸ್ತಕ ತನ್ನದೆನಿಸುತ್ತದೆ.

ತುಸು ದೊಡ್ಡವರಾದ ಮೂರು, ನಾಲ್ಕನೆಯ ತರಗತಿಯವರಿಗೆ ಮಹಾಶ್ವೇತಾದೇವಿಯವರು ಬರೆದ ಮೊಯ್ನಾ ಎಂಬ ಬುಡಕಟ್ಟಿನ ಬಾಲಿಕೆಯ ಕಥೆ ತಕ್ಕುದು. ಆಡು ಕಾಯುವ ಮೊಯ್ನಾ ಎಲ್ಲಕ್ಕೂ ‘ಏಕೆ’ ಎಂದು ಕೇಳುವಳು. ಆ ಪ್ರಶ್ನೆಯೇ ಅವಳನ್ನು ಶಾಲೆಗೆ ಕರೆತರುವುದು.

ಉಪಾಧ್ಯಾಯರ ಮೇಜಿನ ಮೇಲೆ ಇರತಕ್ಕ ಪುಸ್ತಕವೊಂದನ್ನೂ ಹೇಳಿಬಿಡುವೆವು. ಬೊಳುವಾರು ಮಹಮದ್ ಕುಂಞಿ ಅವರು ಸಂಕಲಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಎಂಬ ಶಿಶುಪದ್ಯಗಳ ಸಂಗ್ರಹ ಅದು. ಚಿತ್ರಪುಸ್ತಕದ ನಡುವೆ ನಾಲ್ಕು ಸಾಲು ಹಾಡಿಸಬೇಕಾದಾಗ ಕೈಗೆ ಬರುವುದು.

6. ಇಡುವ ಬಗೆ, ಓದಿಸುವ ಬಗೆ

ಪುಸ್ತಕಭಂಡಾರದ ಶಾಸ್ತ್ರಕ್ಕೆ ಈ ನಗರವೇ ತವರುಮನೆ. ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಲೋಕಕ್ಕೆ ಕೊಟ್ಟರು. ಅವರ ಪ್ರಯತ್ನದ ಫಲವಾಗಿ 1948ರಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ಜೀವನದ ಕೊನೆಯ ವರ್ಷಗಳನ್ನು ಅವರು ಕಳೆದುದು ಬೆಂಗಳೂರಿನಲ್ಲಿ. ಪುಸ್ತಕ ಇರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಮೆಚ್ಚುವ ಓದುಗ ದೊರೆಯಬೇಕು ಎಂಬುದು ಅವರ ಮೊದಲ ಮೂರು ಸೂತ್ರಗಳ ತಾತ್ಪರ್ಯ.

ಈ ಸೂತ್ರಗಳನ್ನು ಎಳೆಯರಿಗೆ ಅನ್ವಯಿಸಿದರೆ ಮೊಟ್ಟಮೊದಲು ಕಪಾಟಿನ ಬೀಗವನ್ನು ತೆಗೆಯಬೇಕಾಗುತ್ತದೆ. ಗಾಜಿನ ಹಿಂದೆ ಬೆನ್ನು ತೋರಿಸಿ ನಿಂತ ಪುಸ್ತಕವನ್ನು ಓದಲು ಬಾರದ ಮಗು ಗುರುತಿಸುವುದಾದರೂ ಹೇಗೆ? ಚಿತ್ರಪುಸ್ತಕಗಳು ಮುಖ ತೋರಿಸಿ ನಿಲ್ಲಬೇಕು. ಮಗುವಿನ ಎದೆಯೆತ್ತರಕ್ಕೆ ಒಂದು ಉದ್ದನೆಯ ಹಲಗೆ, ಅದಕ್ಕೆ ಪುಸ್ತಕ ಜಾರದಂತೆ ಒಂದು ಪಟ್ಟಿ, ನೆಲಕ್ಕೆ ಒಂದು ಜಮಖಾನೆ, ಇಷ್ಟಿದ್ದರೆ ಸಾಕು. ಪುಸ್ತಕ ಹರಿಯುವುದೆಂಬ ಭಯ ಬೇಡ. ಹತ್ತು ವರ್ಷಗಳಾದರೂ ಹೊಸದರಂತೆ ಹೊಳೆಯುವ ಮಕ್ಕಳ ಪುಸ್ತಕವನ್ನು ಯಾರೂ ಪ್ರೀತಿಸಲಿಲ್ಲವೆಂದೇ ಅರ್ಥ. ಹರಿದುದನ್ನು ಐದನೆಯ ತರಗತಿಯ ಹುಡುಗರೇ ಅಂಟಿಸಿ ಸರಿಪಡಿಸಲಿ.

ಓದಿಸುವಾಗ ಮೂರು ಸುತ್ತುಗಳನ್ನು ಅನುಸರಿಸುವುದು ಹಿತ. ಮೊದಲ ಸುತ್ತಿನಲ್ಲಿ ಉಪಾಧ್ಯಾಯರು ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ ಹಿಡಿದು ಪುಟಗಳನ್ನು ನಿಧಾನವಾಗಿ ತೋರಿಸಬೇಕು, ಮಾತನಾಡುವವರು ಮಕ್ಕಳು. ‘ಪಾಲು’ ಎಂದವರನ್ನು ತಡೆಯಬಾರದು. ಎರಡನೆಯ ಸುತ್ತಿನಲ್ಲಿ ಉಪಾಧ್ಯಾಯರು ಸಾಲಿನ ಕೆಳಗೆ ಬೆರಳಾಡಿಸುತ್ತ ಓದಬೇಕು. ಪುಸ್ತಕ ‘ಹಾಲು’ ಎನ್ನುವುದನ್ನು ಆಗ ಮಗುವೇ ಗಮನಿಸಿ ತನ್ನನ್ನು ತಾನೇ ತಿದ್ದಿಕೊಳ್ಳುವುದು. ಮೂರನೆಯ ಸುತ್ತಿನಲ್ಲಿ ಒಂದು ಮಗು ಮುಂದೆ ಬಂದು ಪುಸ್ತಕವನ್ನು ಹಿಡಿದು ಕಥೆ ಹೇಳಬೇಕು. ಪರೀಕ್ಷೆ, ಅಂಕ, ಉಕ್ತಲೇಖನ ಇವು ಈ ಅವಧಿಯಲ್ಲಿ ಸುಳಿಯಬಾರದು.

ಶುಕ್ರವಾರ ಪ್ರತಿಯೊಂದು ಮಗುವೂ ಒಂದು ಪುಸ್ತಕವನ್ನು ಮನೆಗೆ ಒಯ್ಯಲಿ, ಸೋಮವಾರ ತರಲಿ. ಚಿತ್ರಪುಸ್ತಕದ ನಿಜವಾದ ಕೆಲಸ ನಡೆಯುವುದು ಈ ಎರಡು ದಿನಗಳಲ್ಲಿ.

7. ದೊರಕಿಸಿಕೊಳ್ಳುವ ಮಾರ್ಗಗಳು

ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಮೊದಲನೆಯ ಮಾರ್ಗ, ಧರ್ಮಾರ್ಥವಾಗಿ ದೊರೆಯುವುದು. ಪ್ರಥಮ್ ಬುಕ್ಸ್‌ನವರು 2015ರ ಸೆಪ್ಟೆಂಬರಿನಲ್ಲಿ ‘ಸ್ಟೋರಿವೀವರ್’ ಎಂಬ ಅಂತರ್ಜಾಲದ ಪುಸ್ತಕಭಂಡಾರವನ್ನು ತೆರೆದರು. ಅಲ್ಲಿನ ಚಿತ್ರಪುಸ್ತಕಗಳನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಅವನ್ನು ಹಣ ಕೊಡದೆ ಓದಬಹುದು, ಮುದ್ರಿಸಿಕೊಳ್ಳಬಹುದು. ಮೂಲಕರ್ತೃಗಳ ಹೆಸರನ್ನು ಉಳಿಸಿ ಬೇರೆ ಭಾಷೆಗೆ ಅನುವಾದಿಸಲೂ ಬಹುದು. ಶಾಲೆಯ ಗಣಕಯಂತ್ರದಲ್ಲಿ ಮುದ್ರಿಸಿ ದಾರದಿಂದ ಹೊಲಿದರೆ ಪುಸ್ತಕ ಸಿದ್ಧ.

ಇದರಿಂದ ಒಂದು ಹೊಸ ಕಾರ್ಯವೂ ಸಾಧ್ಯವಿದೆ. ನಮ್ಮ ಎಂಟು, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ತಮಿಳೂ ಕನ್ನಡವೂ ಬರುವುವು. ಕರ್ನಾಟಕದ ಎಷ್ಟೋ ಶಾಲೆಗಳ ಹುಡುಗರಿಗೆ ಇಲ್ಲದ ಸಂಪತ್ತು ಇದು. ತಮಿಳಿನ ಒಂದೊಂದು ಚಿತ್ರಪುಸ್ತಕವನ್ನು ಅವರು ಕನ್ನಡಕ್ಕೆ ತಂದು ಒಂದನೆಯ ತರಗತಿಯವರಿಗೆ ಓದಿ ಹೇಳಲಿ. ಅನುವಾದ ಸರಿಯಿದೆಯೋ ಇಲ್ಲವೋ ಎಂಬುದನ್ನು ಆ ಎಳೆಯರ ಮುಖವೇ ಹೇಳುವುದು.

ಎರಡನೆಯ ಮಾರ್ಗ, ನಗರದ ದೊಡ್ಡ ಭಂಡಾರಗಳ ಪರಿಚಯ. ಎಗ್ಮೋರಿನಲ್ಲಿ 1896ರಲ್ಲಿ ತೆರೆದ ಕನ್ನೆಮಾರ ಗ್ರಂಥಾಲಯವಿದೆ. 1954ರ ಕಾಯಿದೆಯ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಈ ಗ್ರಂಥಾಲಯಕ್ಕೂ ಸಲ್ಲಿಸಬೇಕು. ಕನ್ನಡದ ಪುಸ್ತಕಗಳೂ ಇದಕ್ಕೆ ಹೊರತಲ್ಲ. ಯಾವ ಪುಸ್ತಕವನ್ನು ಕೊಳ್ಳುವುದೆಂದು ತೀರ್ಮಾನಿಸುವ ಮುನ್ನ ಅಲ್ಲಿ ವಿಚಾರಿಸುವುದು ಉಪಾಧ್ಯಾಯರಿಗೆ ಉಪಯುಕ್ತವಾದೀತು. ಕೊಟ್ಟೂರುಪುರದಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಮಕ್ಕಳಿಗಾಗಿಯೇ ವಿಶಾಲವಾದ ವಿಭಾಗವಿದೆ. ಪುಸ್ತಕದ ನಡುವೆ ಮಕ್ಕಳು ಎಷ್ಟು ಸ್ವತಂತ್ರರಾಗಿರಬಹುದೆಂಬುದನ್ನು ನೋಡಲು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯಬೇಕು.

ಮೂರನೆಯದು ನಮ್ಮ ಪೋಷಕರ ಔದಾರ್ಯ. ಹುಟ್ಟುಹಬ್ಬದ ದಿನ ತರಗತಿಗೆ ಚಾಕೊಲೇಟು ಹಂಚುವ ಪದ್ಧತಿ ಬಂದಿದೆ. ಅದರ ಜೊತೆಗೆ ಮಗುವಿನ ಹೆಸರು ಬರೆದ ಒಂದು ಚಿತ್ರಪುಸ್ತಕ ಶಾಲೆಗೆ ಬಂದರೆ ಕೆಲವೇ ವರ್ಷಗಳಲ್ಲಿ ಹಲಗೆ ತುಂಬುವುದು.

ತಾಯ್ತಂದೆಗಳಲ್ಲಿ ಬಿನ್ನಹ

ಮಾತು ಉಳಿದು ಅಕ್ಷರ ಅಳಿದ ಕನ್ನಡ ಮನೆಗಳು ಈ ನಾಡಿನಲ್ಲಿ ಬಹಳ ಇವೆ. ತಲೆಮಾರುಗಳ ಹಿಂದೆ ಬಂದು ನೆಲಸಿದವರು ಇಂದಿಗೂ ಮನೆಯಲ್ಲಿ ಕನ್ನಡವನ್ನೇ ಆಡುವರು. ಓದುವುದು ತಮಿಳನ್ನು ಮಾತ್ರ. “ನಮಗೇ ಕನ್ನಡ ಓದಲು ಬಾರದು, ಮಗುವಿಗೆ ಹೇಗೆ ಓದಿ ಹೇಳಲಿ?” ಎಂದು ಸಂಕೋಚದಿಂದ ಕೇಳುವ ತಾಯಂದಿರನ್ನು ನಾವು ಬಲ್ಲೆವು. ಅಂತಹ ತಾಯಂದಿರಿಗಾಗಿಯೇ ಚಿತ್ರಪುಸ್ತಕಗಳನ್ನು ಮನೆಗೆ ಕಳುಹಿಸಬೇಕೆನ್ನುತ್ತೇವೆ. ಚಿತ್ರವನ್ನು ನೋಡಿ ನಿಮ್ಮ ಮನೆಯ ಕನ್ನಡದಲ್ಲಿಯೇ ಕಥೆಯನ್ನು ಕಟ್ಟಿ ಹೇಳಿರಿ. ಅದು ಪುಸ್ತಕದ ಕನ್ನಡವಾಗಿರಬೇಕಾದುದಿಲ್ಲ. ಚಿತ್ರದ ಕೆಳಗಿನ ಸಾಲನ್ನು ನಿಮ್ಮ ಮಗು ನಿಮಗೆ ಓದಿ ಹೇಳಲಿ. ಮೊಬೈಲಿನ ಪರದೆಯಲ್ಲಿ ಚಿತ್ರ ತಾನೇ ಓಡುತ್ತದೆ. ಪುಸ್ತಕದಲ್ಲಿ ಮಗು ಪುಟ ತಿರುವಿದರೆ ಮಾತ್ರ ಕಥೆ ಮುಂದೆ ಹೋಗುತ್ತದೆ. ಅದು ನಿಲ್ಲಿಸಿ ಕೇಳಬಹುದು, ಹಿಂದಕ್ಕೆ ಹೋಗಬಹುದು, ಬೆರಳಿಟ್ಟು ತೋರಿಸಬಹುದು.

ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ವೇಳೆಗೆ ಒಂದನೆಯ ತರಗತಿಯ ಕೋಣೆಯಲ್ಲಿ ಒಂದು ಹಲಗೆಯೂ ಅದರ ಮೇಲೆ ಮುಖ ತೋರಿಸಿ ನಿಂತ ಇಪ್ಪತ್ತು ಪುಸ್ತಕಗಳೂ ಇದ್ದರೆ ಈ ಲೇಖನದ ಶ್ರಮ ಸಾರ್ಥಕ. ಹಲಗೆಯನ್ನು ಹೊಡೆಯುವ ಕೆಲಸವನ್ನು ಬೇಸಗೆಯ ರಜೆಯಲ್ಲಿ ನಾವೇ ಮಾಡುವೆವು. ಪುಸ್ತಕಗಳ ವಿಷಯದಲ್ಲಿ ಮಹನೀಯರಾದ ಪೋಷಕರೂ ಹಳೆಯ ವಿದ್ಯಾರ್ಥಿಗಳೂ ಕೈಗೂಡಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇವೆ.